ಆಟಕ್ಕುಂಟು, ಲೆಕ್ಕಕ್ಕಿಲ್ಲ: ಉನ್ನತ ಶಿಕ್ಷಣ ಸಚಿವರಿಗೆ, ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರೇ, ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಕುಲಪತಿಗಳೇ,

ನಮಸ್ಕಾರ.

ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸುವ ಸಹಾಯಕ ಪ್ರಾಧ್ಯಾಪಕ. ಡೇಟಾ ಸ್ಟ್ರಕ್ಚರ್ಸ್, ಗ್ರಾಫಿಕ್ಸ್ ಜೊತೆಗೆ ಗೇಮ್ ಡಿಸೈನ್ ಅನ್ನುವ ಒಂದು ಎಲೆಕ್ಟಿವ್ ಕೂಡ ನನ್ನ ಪಾಲಿಗಿದೆ. ನನ್ನ ಸಂಶೋಧನೆಯೂ ಕಂಪ್ಯೂಟರ್ ಆಟಗಳ ಮೇಲೆಯೇ. ಇದನ್ನು ಹೇಳಿದ ಕೂಡಲೇ ಎದುರಿಗಿದ್ದವರು ಸಣ್ಣಗೆ ನಗುತ್ತಾರೆ. "ಸಂಬಳ ತಗೊಂಡು ಗೇಮ್ ಆಡೋ ಕೆಲಸ, ಪುಣ್ಯವಂತರು ಕಣ್ರೀ ನೀವು" ಅನ್ನುತ್ತಾರೆ. ಆ ನಗು ನನಗೆ ಅಭ್ಯಾಸವಾಗಿದೆ, ಬೇಜಾರೇನಿಲ್ಲ. ಆದರೆ ಅದೇ ನಗು ಫೈಲಿನೊಳಗೂ ಹೋಗಿ ಕೂತಿದೆ. ಅದರ ಬಗ್ಗೆ ಈ ಪತ್ರ.

ನಾನು ಕೇಳುವುದು ಮುಖ್ಯವಾಗಿ ಒಂದೇ. ಒಬ್ಬ ಅಧ್ಯಾಪಕಿ ಅಥವಾ ಅಧ್ಯಾಪಕ ಒಂದು ಆಟ ಕಟ್ಟಿ, ಅದನ್ನು ಜನರ ಕೈಯಲ್ಲಿ ಆಡಿಸಿ, ಅದರಿಂದ ಏನು ತಿಳಿಯಿತು ಅಂತ ಬರೆದಿಟ್ಟರೆ, ಆ ಆಟವನ್ನೂ ಸಂಶೋಧನೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳಿ.

ಈಗಿನ ಲೆಕ್ಕ ಹೇಗಿದೆ ನೋಡಿ. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯಲ್ಲಿ ಅಧ್ಯಾಪಕರ ನೇಮಕ, ಬಡ್ತಿಗಾಗಿ ಸಂಶೋಧನೆಗೆ ಅಂಕ ಹಾಕುವ ಒಂದು ಕೋಷ್ಟಕ ಇದೆ. ಜರ್ನಲ್ಲಿನಲ್ಲಿ ಒಂದು ಪ್ರಬಂಧ ಬಂದರೆ ವಿಜ್ಞಾನ, ಎಂಜಿನಿಯರಿಂಗ್‌ನವರಿಗೆ 8 ಅಂಕ, ಭಾಷೆ ಮತ್ತು ಮಾನವಿಕದವರಿಗೆ 10. ದೇಶದೊಳಗಿನ ಪ್ರಕಾಶಕರಿಂದ ಪುಸ್ತಕ ಬಂದರೆ 10. ಪುಸ್ತಕ ಅನುವಾದ ಮಾಡಿದರೆ 8. ದೇಶದ ಪೇಟೆಂಟಿಗೆ 7. ನಾಲ್ಕು ಕ್ರೆಡಿಟ್ಟಿನ ಆನ್‌ಲೈನ್ ಕೋರ್ಸ್ ಪೂರ್ತಿಯಾಗಿ ತಯಾರಿಸಿದರೆ 20. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮೇಲಿಂದ ಕೆಳಗಿನವರೆಗೆ ಎಷ್ಟು ಸಲ ಓದಿದರೂ ಆಟ ಕಟ್ಟಿದವರಿಗೆ ಒಂದು ಸಾಲು ಸಿಗುವುದಿಲ್ಲ. ಹೊಸ ಬೋಧನಾ ವಿಧಾನ ರೂಪಿಸಿದರೆ 5 ಅಂಕ ಅಂತ ಒಂದು ಮೂಲೆ ಇದೆ. ಸಮಿತಿಯವರ ಮನಸ್ಸು ಚೆನ್ನಾಗಿದ್ದ ದಿನ ಅಲ್ಲಿ ತೂರಿಸಬಹುದು, ಅಷ್ಟೇ.

ಹಾಗಾಗಿ ನಮ್ಮಂಥವರು ಏನು ಮಾಡುತ್ತೇವೆ? ಎರಡು ವರ್ಷ ಕೂತು ಒಂದು ಆಟ ಮಾಡುತ್ತೇವೆ. ಆಮೇಲೆ ಅದನ್ನು ಪಕ್ಕಕ್ಕಿಟ್ಟು, ಅದರ ಬಗ್ಗೆ ಎಂಟು ಪುಟದ ಪ್ರಬಂಧ ಬರೆಯುತ್ತೇವೆ. ಎಂಟು ಪುಟಕ್ಕೆ ಅಂಕ ಬರುತ್ತದೆ, ಎರಡು ವರ್ಷಕ್ಕೆ ಬರುವುದಿಲ್ಲ. ಒಂದು ಸಮಿತಿಯ ಮುಂದೆ (ಯಾವುದು ಅಂತ ಹೇಳುವುದಿಲ್ಲ, ಆ ಹಿರಿಯರ ಬಗ್ಗೆ ನನಗೆ ಗೌರವವಿದೆ) ನಾನು ಲ್ಯಾಪ್‌ಟಾಪ್ ತೆರೆದು, "ಸರ್, ಹತ್ತು ನಿಮಿಷ ಆಡಿ ನೋಡಿ" ಅಂದೆ. ಅವರು ಪ್ರೀತಿಯಿಂದಲೇ, "ಇದನ್ನ ಪ್ರಿಂಟ್ ತೆಗೆಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿಕೊಂಡು ಬನ್ನಿ, ಆಮೇಲೆ ನೋಡೋಣ" ಅಂದರು. ಮಾಡಿಸಿದೆ. ನೂರಾರು ಪುಟ ಸಿ-ಶಾರ್ಪ್ ಕೋಡು, ಮೇಲೊಂದು ಪ್ಲಾಸ್ಟಿಕ್ ಹಾಳೆ. ಅದನ್ನು ಯಾರೂ ಓದಲಿಲ್ಲ, ಓದಬೇಕಾಗಿಯೂ ಇರಲಿಲ್ಲ.

ದಿನನಿತ್ಯದ ಸಣ್ಣ ಸಂಗತಿಗಳನ್ನೂ ಹೇಳುತ್ತೇನೆ, ಯಾಕೆಂದರೆ ಇವು ಮೇಲಿನವರಿಗೆ ಕಾಣುವುದಿಲ್ಲ. ಕ್ಯಾಂಪಸ್ ನೆಟ್‌ವರ್ಕಿನಲ್ಲಿ 'ಗೇಮ್ಸ್' ಅನ್ನುವ ಇಡೀ ವರ್ಗವೇ ಬ್ಲಾಕ್. ಗೇಮ್ ಡಿಸೈನ್ ಕ್ಲಾಸಿನಲ್ಲಿ ಆಟ ತೋರಿಸಬೇಕಾದರೆ ನನ್ನ ಮೊಬೈಲ್ ಹಾಟ್‌ಸ್ಪಾಟೇ ಗತಿ. ಇನ್ನು ಖರೀದಿ. ನಿಯಮದ ಪ್ರಕಾರ ಮೂರು ಕೊಟೇಶನ್ ತರಬೇಕು. ನನಗೆ ಬೇಕಾದ ಆಟವನ್ನು ಮಾರುವ ಅಂಗಡಿ ಇಡೀ ಪ್ರಪಂಚದಲ್ಲಿ ಒಂದೇ ಇದೆ, ಅದೂ ಆನ್‌ಲೈನ್. ಕ್ರೆಡಿಟ್ ಕಾರ್ಡ್ ಬಿಟ್ಟು ಡಿಡಿ ಗಿಡಿ ತಗೊಳ್ಳುವುದಿಲ್ಲ. ಅಕೌಂಟೂ ಒಬ್ಬ ವ್ಯಕ್ತಿಯ ಹೆಸರಿನಲ್ಲೇ ಇರಬೇಕು, ಕಾಲೇಜಿನ ಹೆಸರಿನಲ್ಲಿ ಆಗುವುದಿಲ್ಲ. ಕೊನೆಗೆ ಆಟಗಳೆಲ್ಲ ನನ್ನ ಸ್ವಂತ ದುಡ್ಡಿನಲ್ಲಿ, ನನ್ನ ಸ್ವಂತ ಅಕೌಂಟಿನಲ್ಲಿ. ನಾನು ಕೆಲಸ ಬಿಟ್ಟ ದಿನ ಆ 'ಗ್ರಂಥಾಲಯ'ವೂ ನನ್ನ ಜೊತೆ ಹೊರಡುತ್ತದೆ.

ಇದು ಪ್ರಪಂಚದಲ್ಲಿ ಎಲ್ಲೂ ಇಲ್ಲದ ಹೊಸ ಹುಚ್ಚೇನಲ್ಲ. ಸ್ಕಾಟ್ಲೆಂಡಿನ ಡಂಡೀ ಊರಿನ ಅಬರ್ಟೇ ವಿಶ್ವವಿದ್ಯಾಲಯ 1997ರಲ್ಲೇ ಕಂಪ್ಯೂಟರ್ ಗೇಮ್‌ಗೆ ಪದವಿ ಶುರು ಮಾಡಿತು. 2001ರಲ್ಲಿ 'ಗೇಮ್ ಸ್ಟಡೀಸ್' ಅನ್ನುವ ಜರ್ನಲ್ ಹುಟ್ಟಿತು. ಅದರ ಸಂಪಾದಕ ಎಸ್ಪೆನ್ ಆರ್ಸೆತ್ ಆ ವರ್ಷವನ್ನು ಈ ವಿಷಯದ ಮೊದಲನೇ ವರ್ಷ ಅಂತಲೇ ಕರೆದರು. 2003ರಲ್ಲಿ ಕೋಪನ್‌ಹೇಗನ್ನಿನ ಐಟಿ ವಿಶ್ವವಿದ್ಯಾಲಯದಲ್ಲಿ ಆಟಗಳ ಸಂಶೋಧನೆಗೇ ಒಂದು ಕೇಂದ್ರ ಬಂತು. ಅದೇ ವರ್ಷ ಡಿಗ್ರಾ ಎನ್ನುವ ಸಂಶೋಧಕರ ಸಂಘದ ಮೊದಲ ಸಮ್ಮೇಳನ ಯುಟ್ರೆಕ್ಟ್‌ನಲ್ಲಿ ನಡೆಯಿತು. ನಮ್ಮ ದೇಶದಲ್ಲೂ ಕೋಲ್ಕತ್ತಾದ ಸೌವಿಕ್ ಮುಖರ್ಜಿಯವರಂಥ ವಿದ್ವಾಂಸರು ಭಾರತದ ವಿಡಿಯೋ ಗೇಮ್‌ಗಳ ಬಗ್ಗೆ ಪುಸ್ತಕ ಬರೆದಿದ್ದಾರೆ. ಬೆಂಗಳೂರಿನಲ್ಲೇ ಇರುವ ಎನ್ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ಡಿಸೈನ್ ಸ್ನಾತಕೋತ್ತರ ಕೋರ್ಸ್ ಇದೆ. ಅದು ಕೇಂದ್ರದ ಸಂಸ್ಥೆ, ಸೀಟು ಬೆರಳೆಣಿಕೆ. ಚಾಮರಾಜನಗರದ ಹುಡುಗಿಗೆ, ಯಾದಗಿರಿಯ ಹುಡುಗನಿಗೆ ಸಿಗುವುದು ನಿಮ್ಮ ವಿಶ್ವವಿದ್ಯಾಲಯಗಳು.

ಆಟದಿಂದ ಜ್ಞಾನ ಹುಟ್ಟುತ್ತದಾ ಅಂತ ಕೇಳುವವರಿಗೆ ಒಂದೇ ಉದಾಹರಣೆ ಸಾಕು. 2008ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 'ಫೋಲ್ಡ್‌ಇಟ್' ಅನ್ನುವ ಆಟ ಮಾಡಿದರು. ಪರದೆಯ ಮೇಲೆ ಒಂದು ಪ್ರೊಟೀನ್ ಸರಪಳಿ ಇರುತ್ತದೆ, ಅದನ್ನು ಮಡಚಿ ತಿರುಚಿ ಸರಿಯಾದ ಆಕಾರಕ್ಕೆ ತರಬೇಕು. ಕೋತಿಗಳಿಗೆ ಏಡ್ಸ್‌ನಂಥ ರೋಗ ತರುವ ವೈರಸ್ ಒಂದರ ಕಿಣ್ವದ ರಚನೆ ವಿಜ್ಞಾನಿಗಳಿಗೆ ವರ್ಷಗಟ್ಟಲೆ ಬಗೆಹರಿದಿರಲಿಲ್ಲ. ಆಟಗಾರರು ಕೆಲವೇ ವಾರಗಳಲ್ಲಿ ಅದಕ್ಕೆ ಒಳ್ಳೆಯ ಮಾದರಿ ಕೊಟ್ಟರು. 2011ರಲ್ಲಿ ಬಂದ ಪ್ರಬಂಧದಲ್ಲಿ ಆಟಗಾರರ ತಂಡಗಳೂ ಲೇಖಕರ ಪಟ್ಟಿಯಲ್ಲಿದ್ದವು. ಆ ಪ್ರಯೋಗಾಲಯದ ಡೇವಿಡ್ ಬೇಕರ್ ಅವರಿಗೆ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅದು ಪ್ರೊಟೀನ್ ವಿನ್ಯಾಸಕ್ಕೆ ಬಂದಿದ್ದು, ಆಟಕ್ಕೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಆದರೆ ಆಟ ಕಟ್ಟುವವರನ್ನು ಆ ಪ್ರಯೋಗಾಲಯ ಬಾಗಿಲ ಹೊರಗೆ ನಿಲ್ಲಿಸಿರಲಿಲ್ಲ ಅನ್ನುವುದಂತೂ ನಿಜ.

ಈಗ ನನ್ನ ಕ್ಲಾಸಿಗೆ ಬನ್ನಿ.

ಮೊದಲ ಕೆಲವು ದಿನ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಮುಟ್ಟಲು ಬಿಡುವುದಿಲ್ಲ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಚೌಕಾಬಾರದ ಪಟ ಬರೆಸುತ್ತೇನೆ. ಐದು ಐದಲಿ ಇಪ್ಪತ್ತೈದು ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಆಟ ಶುರುವಾದ ಸ್ವಲ್ಪ ಹೊತ್ತಿಗೆ ಜಗಳವೂ ಶುರು. "ಒಂದಾದ್ರೂ ಕಾಯಿ ಕಡೀದೆ ಒಳಗಿನ ಸುತ್ತಿಗೆ ಹೋಗೋ ಹಾಗಿಲ್ಲ" ಅಂತ ಒಬ್ಬಳು. "ನಮ್ಮನೇಲಿ ಹಾಗೇನಿಲ್ಲ" ಅಂತ ಇನ್ನೊಬ್ಬ. "ನಮ್ಮಜ್ಜಿ ಇದನ್ನ ಕಟ್ಟೆಮನೆ ಅಂತಾರೆ" ಅಂತ ಮತ್ತೊಬ್ಬಳು. ಈ ಜಗಳವನ್ನು ನಾನು ಬಿಡಿಸುವುದಿಲ್ಲ. ಬರೆದುಕೊಳ್ಳಿ ಅನ್ನುತ್ತೇನೆ. ಯಾವ ನಿಯಮ ಇದ್ದರೆ ಆಟ ಬೇಗ ಮುಗಿಯುತ್ತದೆ? ಯಾವುದಿದ್ದರೆ ಹಿಂದೆ ಬಿದ್ದವರಿಗೂ ಕೊನೆತನಕ ಆಸೆ ಉಳಿಯುತ್ತದೆ? ನಿಯಮ ಬದಲಾದರೆ ಆಡುವವರ ನಡವಳಿಕೆಯೂ ಬದಲಾಗುತ್ತದೆ ಅನ್ನುವುದನ್ನು ಅವರು ಅಲ್ಲೇ, ನೆಲದ ಮೇಲೇ ಕಂಡುಕೊಳ್ಳುತ್ತಾರೆ.

ಆಮೇಲೆ ಗಣಿತ. ನಾಲ್ಕು ಕವಡೆಯಲ್ಲಿ ಎಷ್ಟು ಬಾಯಿ ಮೇಲೆ ಬಿದ್ದಿವೆಯೋ ಅಷ್ಟು ಮನೆ ನಡೆ. ನಾಲ್ಕೂ ಮೇಲೆ ಬಿದ್ದರೆ ಚೌಕ, ಅಂದರೆ 4. ಒಂದೂ ಮೇಲೆ ಬೀಳದಿದ್ದರೆ ಬಾರ, 8. ಈ ಎರಡು ಬಿದ್ದರೆ ಇನ್ನೊಂದು ಸಲ ಹಾಕಬಹುದು. ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತದೆ ಅಂದುಕೊಂಡರೆ, ಚೌಕವೋ ಬಾರವೋ ಬೀಳುವ ಸಾಧ್ಯತೆ ಹದಿನಾರರಲ್ಲಿ ಎರಡು, ಅಂದರೆ ಎಂಟಕ್ಕೆ ಒಂದು. ಸರಾಸರಿ ನಡೆ ಎರಡೂವರೆ ಮನೆ. ಲೆಕ್ಕ ಚೆನ್ನಾಗಿದೆ. ಆದರೆ ಕವಡೆಯ ಬೆನ್ನು ಉಬ್ಬು, ಬಾಯಿಯ ಕಡೆ ಚಪ್ಪಟೆ. ಅದು ನಾಣ್ಯದ ಹಾಗೆ ಬೀಳಲೇಬೇಕು ಅಂತ ಏನಿದೆ? ಹುಡುಗರು ಕವಡೆ ಹಾಕಿ ಹಾಕಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತಾ ಕೂರುತ್ತಾರೆ. ಈ ಕವಡೆಗೆ ಒಂದು ಲೆಕ್ಕ, ಪಕ್ಕದ ಕವಡೆಗೆ ಇನ್ನೊಂದು. ಸಂಭವನೀಯತೆಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ದಾರಿ ನನಗಂತೂ ಗೊತ್ತಿಲ್ಲ.

ಕೊನೆಗೆ ಅದನ್ನೇ ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ. ಆಗ ಒಂದು ವಿಚಿತ್ರ ನಡೆಯುತ್ತದೆ. ಎದುರಾಳಿಗೆ ಸಾಲಾಗಿ ಎರಡು ಬಾರ ಬಿದ್ದರೆ, "ಸರ್, ಇದು ಮೋಸ ಮಾಡ್ತಿದೆ" ಅಂತ ದೂರು ಬರುತ್ತದೆ. ನೆಲದ ಮೇಲೆ ಆಡುವಾಗ ಅದೇ ಎರಡು ಬಾರ ಬಿದ್ದಿದ್ದರೆ ಅದೃಷ್ಟ ಅಂತ ಸುಮ್ನೆ ಬೈದುಕೊಂಡು ಮುಂದೆ ಹೋಗುತ್ತಿದ್ದರು. ಕೈ ಕಂಡರೆ ನಂಬುತ್ತಾರೆ, ಕೋಡ್ ಕಾಣದಿದ್ದರೆ ನಂಬುವುದಿಲ್ಲ. ಇದರ ಉಲ್ಟಾ ಕೂಡ ನಿಜ. ಹೊಳೆಯುವ ಬಣ್ಣ, ಟಣ್ ಅನ್ನುವ ಸದ್ದು, 'ಇನ್ನೇನು ಗೆದ್ದೇಬಿಟ್ಟಿದ್ದಿ' ಅನ್ನಿಸುವ ಒಂದು ಅನಿಮೇಶನ್ ಇಟ್ಟರೆ, ಸೋಲುತ್ತಲೇ ಇದ್ದರೂ ಜನ ನಂಬಿ ಕೂರುತ್ತಾರೆ.

ಇದು ಕ್ಲಾಸ್‌ರೂಮಿನ ಚಪಲ ಅಷ್ಟೇ ಅಂದುಕೊಳ್ಳಬೇಡಿ. ಇದೇ ಪ್ರಶ್ನೆ ಹಿಡಿದು ನಮ್ಮ ರಾಜ್ಯ ಕೋರ್ಟಿನ ಮೆಟ್ಟಿಲು ಹತ್ತಿದೆ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತ್ತು. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಕೌಶಲದವನ್ನೂ ಸೇರಿಸಿ, ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿ, ಕೌಶಲವೋ ಅದೃಷ್ಟವೋ ಅನ್ನುವ ಚರ್ಚೆಯನ್ನೇ ಬದಿಗಿಟ್ಟು ದುಡ್ಡಿನ ಆಟಕ್ಕೆ ತಡೆ ಹಾಕಿತು. ಇ-ಸ್ಪೋರ್ಟ್ಸ್‌ಗೆ ಮಾನ್ಯತೆ, ದುಡ್ಡಿಲ್ಲದ ಆಟಗಳಿಗೆ ಪ್ರೋತ್ಸಾಹ ಅಂತಲೂ ಅದರಲ್ಲೇ ಇದೆ. ಒಂದು ಆಟದಲ್ಲಿ ಕೌಶಲ ಎಷ್ಟು, ಅದೃಷ್ಟ ಎಷ್ಟು? ಇದನ್ನು ಅಳೆಯಬಹುದು. ಸಾವಿರಾರು ಸುತ್ತಿನ ದಾಖಲೆ ಕೊಟ್ಟರೆ ನನ್ನ ಎಂಎಸ್ಸಿ ವಿದ್ಯಾರ್ಥಿಗಳೇ ಒಂದು ಸೆಮಿಸ್ಟರಿನಲ್ಲಿ ಲೆಕ್ಕ ಹಾಕಿಯಾರು. ಇಷ್ಟು ವರ್ಷ ವಕೀಲರು, ಪೊಲೀಸರು, ಕಂಪನಿಗಳು ಮಾತಾಡಿದರು. ಆಟವನ್ನೇ ಬಿಚ್ಚಿ ನೋಡುವ ಮೇಷ್ಟ್ರನ್ನು ಕರೆದು ಕೂರಿಸಿಕೊಳ್ಳುವುದು ಯಾರಿಗೂ ಹೊಳೆಯಲಿಲ್ಲ ಅನ್ನಿಸುತ್ತದೆ.

ಚಟದ ವಿಷಯವೂ ಅಷ್ಟೇ. ಇದನ್ನು ನಾನು ತಳ್ಳಿಹಾಕುವುದಿಲ್ಲ. ನಿಮ್ಹಾನ್ಸ್‌ನಲ್ಲಿ 2014ರಿಂದಲೇ 'ಶಟ್' ಕ್ಲಿನಿಕ್ ನಡೆಯುತ್ತಿದೆ, ಮೊಬೈಲು, ಗೇಮಿನ ಗೀಳು ಹತ್ತಿದವರಿಗಾಗಿ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರ್ ಅನ್ನು ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಡಾಕ್ಟರು ಮಗುವನ್ನು ನೋಡುತ್ತಾರೆ. ಆ ಮಗುವಿನ ಕೈಯಲ್ಲಿರುವ ಆಟವನ್ನು ಯಾರು ನೋಡುತ್ತಾರೆ? ದಿನಾ ಬಂದರೆ ಒಂದು ಬಹುಮಾನ, ಒಂದು ದಿನ ತಪ್ಪಿದರೆ ಅಲ್ಲಿವರೆಗಿನ ಸರಣಿ ಪೂರ್ತಿ ಹೋಯಿತು. ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆ, ಒಳಗೇನಿದೆ ಅಂತ ತೆರೆಯುವವರೆಗೂ ಗೊತ್ತಿಲ್ಲ. ಈ ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲೇ ಜೂಜು ಅಂತ ಪರಿಗಣಿಸಿತು. ಇವೆಲ್ಲ ಯಾರೋ ಕೂತು, ಯೋಚನೆ ಮಾಡಿ ಇಟ್ಟ ತಿರುಗಣೆಗಳು. ಯಾವುದನ್ನು ತಿರುಗಿಸಿದರೆ ಹುಡುಗ ರಾತ್ರಿ ಎರಡು ಗಂಟೆಗೂ ಫೋನ್ ಕೆಳಗಿಡುವುದಿಲ್ಲ ಅಂತ ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿರಬೇಕು. ನಾಳೆ ಅವರೇ ಕಂಪನಿಯಲ್ಲಿ ಕೂತು ಇವನ್ನು ತಯಾರಿಸುವವರು.

ಇನ್ನೊಂದು ಮಾತು. ಆಟಗಳನ್ನು ವಿದ್ಯೆ ಅಂತ ನೋಡಿದ ನಾಡು ನಮ್ಮದೇ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಮಾನಸೋಲ್ಲಾಸ ಬರೆದಾಗ ಅದರ ಐದು ಭಾಗಗಳಲ್ಲಿ ಒಂದನ್ನು ಪೂರ್ತಿ ಕ್ರೀಡೆಗೆ ಮೀಸಲಿಟ್ಟ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಇರುವುದು ಆಟಗಳೇ. ಅವರು ಹೊಸ ಆಟದ ಪಟಗಳನ್ನು ರೂಪಿಸಿದರು. ಚದುರಂಗದ ಕುದುರೆ ಅರವತ್ನಾಲ್ಕು ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಬರುವ ದಾರಿಗಳನ್ನು ಬಿಡಿಸಿದರು. ಇವತ್ತು ಅದನ್ನೇ ನಾವು ಅಲ್ಗಾರಿದಮ್ಸ್ ಪಾಠದಲ್ಲಿ 'ನೈಟ್ಸ್ ಟೂರ್' ಅಂತ ಕಲಿಸುತ್ತೇವೆ, ಮೈಸೂರಿನ ಹೆಸರೂ ಎತ್ತದೆ. ಹಂಪಿಯ ಮಂಟಪಗಳಲ್ಲಿ ತಲೆ ಬಗ್ಗಿಸಿ ನಡೆದರೆ ಕಲ್ಲುಹಾಸಿನ ಮೇಲೆ ಕೆತ್ತಿದ ಹುಲಿಕಟ್ಟಿನ ಮನೆಗಳು ಕಾಣುತ್ತವೆ. ಕನ್ನಡ ವಿಶ್ವವಿದ್ಯಾಲಯ ಇರುವುದು ಅಲ್ಲೇ ಪಕ್ಕದಲ್ಲಿ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ. ಆದರೆ ಈ ಹಳೆಯ ಆಟಗಳನ್ನು ಹುಡುಕಿ, ಪಟ ಮಾಡಿಸಿ, 'ಕ್ರೀಡಾ ಕೌಶಲ್ಯ' ಅಂತ ಪ್ರದರ್ಶನ ಇಟ್ಟು ಜನರ ಕೈಗೆ ಮತ್ತೆ ಕೊಟ್ಟ ದೊಡ್ಡ ಕೆಲಸ ಮಾಡಿದ್ದು ಮೈಸೂರಿನ ಮೃಗಾಲಯದ ಎದುರಿರುವ ಕರಕುಶಲ ಮಳಿಗೆಯವರ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ. ಅವರಿಗೆ ಕೈ ಮುಗಿಯುತ್ತೇನೆ. ನಮ್ಮ ವಿಭಾಗಗಳು ಏನು ಮಾಡುತ್ತಿದ್ದವು ಅಂತ ಕೇಳಬೇಕಾದವರು ನೀವು.

ಕನ್ನಡದ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಆಟಗಳನ್ನು ಕಟ್ಟಲು ಹೆಚ್ಚು ಜನ ಬಳಸುವ ಯೂನಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ, ಅಕ್ಷರ ಮೂಡಿಸುವ ಸಾಮಾನ್ಯ ಸಲಕರಣೆಗೆ ಬಹಳ ವರ್ಷ ನಮ್ಮ ಒತ್ತಕ್ಷರ ಗೊತ್ತಿರಲಿಲ್ಲ. 'ಅಮ್ಮ' ಅಂತ ಟೈಪ್ ಮಾಡಿದರೆ ಪರದೆಯ ಮೇಲೆ 'ಅಮ್‌ಮ' ಅಂತ ಬರುತ್ತಿತ್ತು. ಅದನ್ನು ನೋಡಿದ ವಿದ್ಯಾರ್ಥಿ ಏನು ಮಾಡುತ್ತಾನೆ? ಆಟವನ್ನು ಇಂಗ್ಲಿಷಿನಲ್ಲೇ ಮಾಡುತ್ತಾನೆ. ಅಂಥದೇ ಇನ್ನೊಂದು ಸಾಫ್ಟ್‌ವೇರ್, ಉಚಿತವಾಗಿ ಸಿಗುವ ಗೋಡೋ ಎಂಜಿನ್ನಿನ ನಾಲ್ಕನೇ ಆವೃತ್ತಿ 2023ರಲ್ಲಿ ಬಂದ ಮೇಲೆ ಈ ಕಷ್ಟ ಬಹಳ ಕಡಿಮೆಯಾಯಿತು. ಇಂಥ ಸಮಸ್ಯೆಯನ್ನು ಬಗೆಹರಿಸುವುದು ಕನ್ನಡದ ಕೆಲಸವೂ ಹೌದು, ಕಂಪ್ಯೂಟರ್ ಸೈನ್ಸಿನ ಕೆಲಸವೂ ಹೌದು. ಹಾಗಾಗಿಯೇ ಅದು ಎರಡೂ ವಿಭಾಗದ ಟೇಬಲ್ಲಿಗೆ ಬರುವುದಿಲ್ಲ.

ಸರ್ಕಾರ ಕೈಕಟ್ಟಿ ಕೂತಿದೆ ಅಂತ ನಾನು ಹೇಳುತ್ತಿಲ್ಲ. ಅನಿಮೇಶನ್, ಗೇಮಿಂಗ್‌ಗೆ ಅಂತ ಕರ್ನಾಟಕ 2012ರಲ್ಲೇ ನೀತಿ ಮಾಡಿತು. ಈಗ 2024ರಿಂದ 2029ರವರೆಗಿನ ಎವಿಜಿಸಿ-ಎಕ್ಸ್‌ಆರ್ (ಅನಿಮೇಶನ್, ವಿಶುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್, ಎಕ್ಸ್‌ಟೆಂಡೆಡ್ ರಿಯಾಲಿಟಿ) ನೀತಿಯೂ ಇದೆ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಗೇಮ್ ಕಂಪನಿ ಧ್ರುವ ಇಂಟರ್ಯಾಕ್ಟಿವ್ 2019ರಲ್ಲಿ ರಾಕ್‌ಸ್ಟಾರ್ ಅನ್ನುವ ದೊಡ್ಡ ವಿದೇಶಿ ಗೇಮ್ ಕಂಪನಿಯ ಕೈಗೆ ಹೋಯಿತು. ಉದ್ಯಮ ಇದೆ, ಕೆಲಸ ಇದೆ, ಒಳ್ಳೆಯದು. ಆದರೆ ಈ ನೀತಿಗಳ ಕಣ್ಣೆಲ್ಲ ಇರುವುದು ಕೌಶಲ ತರಬೇತಿ, ಉದ್ಯೋಗ, ಹೂಡಿಕೆಯ ಮೇಲೆ. ಇವತ್ತು ಕಲಿಸಿದ ಸಾಫ್ಟ್‌ವೇರ್ ಐದು ವರ್ಷಕ್ಕೆ ಹಳೆಯದಾಗುತ್ತದೆ. ಪಟ ಬರೆದು ನಿಯಮಕ್ಕೆ ಜಗಳ ಆಡಿದ ಪಾಠ ಹಳೆಯದಾಗುವುದಿಲ್ಲ. ಅದನ್ನು ಕಲಿಸುವ ಮೇಷ್ಟ್ರು ಯಾರು, ಅವರ ಬಡ್ತಿ ಹೇಗೆ, ಅವರ ಕೈಕೆಳಗೆ ಪಿಎಚ್‌ಡಿ ಮಾಡಿದವರಿಗೆ ಯಾವ ವಿಭಾಗದಲ್ಲಿ ಕೆಲಸ, ಇದನ್ನು ಬರೆಯಬೇಕಾದದ್ದು ಐಟಿ ಇಲಾಖೆಯ ನೀತಿಯಲ್ಲಲ್ಲ, ನಿಮ್ಮ ಇಲಾಖೆಯ ಆದೇಶದಲ್ಲಿ.

ಯುಜಿಸಿ ಕೋಷ್ಟಕ ನಿಮ್ಮ ಕೈಯಲ್ಲಿಲ್ಲ, ಗೊತ್ತು. ಅದಕ್ಕೆ ಒಂದು ಸಾಲು ಸೇರಿಸಿ ಅಂತ ರಾಜ್ಯದಿಂದ ಒಂದು ಪತ್ರವಂತೂ ಹೋಗಬಹುದು. ಆಟ ಅಂದ ತಕ್ಷಣ ಅಂಕ ಕೊಡಿ ಅಂತ ನಾನು ಹೇಳುವುದಿಲ್ಲ. ಪ್ರಬಂಧಕ್ಕೆ ಹೇಗೆ ಇಬ್ಬರು ಪರಿಣತರು ಓದಿ ಹೇಳುತ್ತಾರೋ, ಹಾಗೇ ಆಟವನ್ನೂ ಇಬ್ಬರು ಬಲ್ಲವರು ಆಡಿ, ವರದಿ ಬರೆಯಲಿ. ಕಟ್ಟಿದವರು ಯಾವ ಪ್ರಶ್ನೆ ಇಟ್ಟುಕೊಂಡಿದ್ದರು, ಯಾರ ಕೈಯಲ್ಲಿ ಆಡಿಸಿದರು, ಏನು ಬದಲಾಯಿಸಿದರು ಅನ್ನುವ ದಾಖಲೆ ಜೊತೆಗಿರಲಿ. ಕಳಪೆ ಇದ್ದರೆ ಸೊನ್ನೆ ಹಾಕಲಿ. ಸೊನ್ನೆ ಬಂದರೂ ಆಡಿ ನೋಡಿದರು ಅನ್ನುವ ಸಮಾಧಾನ ಇರುತ್ತದೆ, ಅಲ್ವಾ?

ನಿಮ್ಮ ಕೈಯಲ್ಲೇ ಇರುವುದು ಬೇರೆ. ಪಿಎಚ್‌ಡಿ ನಿಯಮದಲ್ಲಿ, ಮಹಾಪ್ರಬಂಧದ ಭಾಗವಾಗಿ ಒಂದು ಆಟವನ್ನು ಸಲ್ಲಿಸಲು ಅವಕಾಶ ಕೊಡಬಹುದು. ಕನ್ನಡ, ಮನಃಶಾಸ್ತ್ರ, ಕಂಪ್ಯೂಟರ್ ಸೈನ್ಸ್ ವಿಭಾಗಗಳು ಸೇರಿ ಒಬ್ಬ ವಿದ್ಯಾರ್ಥಿಗೆ ಮಾರ್ಗದರ್ಶನ ಮಾಡುವ ದಾರಿ ತೆರೆಯಬಹುದು. ಗ್ರಂಥಾಲಯದ ಖರೀದಿ ನಿಯಮದಲ್ಲಿ ಆಟಗಳನ್ನು ಸೇರಿಸಿ, ಆ ಮೂರು ಕೊಟೇಶನ್ನಿನ ಕಾಟ ತಪ್ಪಿಸಬಹುದು. ಇದಕ್ಕೆ ಅವಸರವೂ ಇದೆ. ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ 87 ಶೇಕಡಾ ಈಗ ಮಾರುಕಟ್ಟೆಯಲ್ಲಿ ಸಿಗುವುದೇ ಇಲ್ಲ ಅಂತ ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು. 2024ರ ಮಾರ್ಚ್ ಕೊನೆಗೆ ಯೂಬಿಸಾಫ್ಟ್ 'ದಿ ಕ್ರೂ' ಆಟದ ಸರ್ವರ್ ನಿಲ್ಲಿಸಿದಾಗ, ದುಡ್ಡು ಕೊಟ್ಟು ಕೊಂಡವರಿಗೂ ಅದನ್ನು ಆಡಲಾಗಲಿಲ್ಲ. ಇನ್ನು ನಮ್ಮ ಹುಡುಗರು ಮಾಡಿದ ಸಣ್ಣ ಕನ್ನಡ ಆಟಗಳು ಯಾವ ಪೆನ್ ಡ್ರೈವಿನಲ್ಲಿ ಕೊಳೆಯುತ್ತಿವೆಯೋ ದೇವರೇ ಬಲ್ಲ. ಇವನ್ನೆಲ್ಲ ಇಡಲು ಒಂದು ಸರ್ವರ್, ನೋಡಿಕೊಳ್ಳಲು ಒಬ್ಬರು ಗ್ರಂಥಪಾಲಕರು ಸಾಕು.

ಸದ್ಯಕ್ಕೆ ಇಷ್ಟಾದರೂ ಮಾಡಿ. ಪಠ್ಯಕ್ರಮ ತೀರ್ಮಾನಿಸುವ ಬೋರ್ಡ್ ಆಫ್ ಸ್ಟಡೀಸ್‌ನ ಮುಂದಿನ ಸಭೆಗಳ ಅಜೆಂಡಾದಲ್ಲಿ 'ಆಟಗಳ ಅಧ್ಯಯನ' ಅಂತ ಒಂದು ಐಟಂ ಹಾಕಿಸಿ. ಎರಡು ಕ್ರೆಡಿಟ್ಟಿನ ಓಪನ್ ಎಲೆಕ್ಟಿವ್ ಆದರೂ ಸರಿ, ಬಿಎ ಓದುವವರೂ ತೆಗೆದುಕೊಳ್ಳುವ ಹಾಗಿರಲಿ. ಸಿಲಬಸ್‌ನ ಕರಡು ನನ್ನ ಹತ್ತಿರ ತಯಾರಿದೆ, ಕನ್ನಡದಲ್ಲೂ ಇದೆ, ಕೇಳಿದ ದಿನವೇ ಕಳಿಸುತ್ತೇನೆ. ಬೇಕೆಂದರೆ ಸ್ಪೈರಲ್ ಬೈಂಡಿಂಗ್ ಮಾಡಿಸಿಯೇ ತಂದುಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಗೇಮ್ ಡಿಸೈನ್ ಕಲಿಸುವ ಒಬ್ಬ ಸಹಾಯಕ ಪ್ರಾಧ್ಯಾಪಕ
ಬೆಂಗಳೂರು